ಲಾಬ್‌ಸ್ಟರ್‌ಗೆ ಅಳತೆಗೋಲು, ಡೈವರ್‌ಗೆ ಅಂದಾಜು

ಜುಲೈ ತಿಂಗಳ ಕೊನೆಯ ಬುಧವಾರ, ಗುರುವಾರ ಬಂತೆಂದರೆ ಫ್ಲೋರಿಡಾದ ಕಡಲಲ್ಲಿ ಜಾತ್ರೆ. ದೊಡ್ಡ ಸಿಗಡಿಯಂಥ ಲಾಬ್‌ಸ್ಟರ್ ಹಿಡಿಯುವ ಮುಖ್ಯ ಹಂಗಾಮು ಶುರುವಾಗುವುದು ಆಗಸ್ಟ್ 6ಕ್ಕೆ. ಅದಕ್ಕೂ ಮೊದಲು ಹವ್ಯಾಸಿಗಳಿಗೆ ಅಂತಲೇ ಈ ಎರಡು ದಿನ ಬಿಟ್ಟುಕೊಟ್ಟಿದ್ದಾರೆ. ಜನ ಅದನ್ನು ಮಿನಿ ಸೀಸನ್ ಎನ್ನುತ್ತಾರೆ. ದಕ್ಷಿಣ ತುದಿಯ ಕೀಸ್ ದ್ವೀಪಗಳ ಸುತ್ತ, ಆಳವಿಲ್ಲದ ನೀರಿನಲ್ಲಿ, ಎಲ್ಲಿ ನೋಡಿದರೂ ಮಾಸ್ಕು, ಉಸಿರಾಡುವ ಕೊಳವೆ ಸ್ನಾರ್ಕೆಲ್, ಬಲೆಚೀಲ. ಅವುಗಳ ನಡುವೆಯೇ ಓಡಾಡುವ ಮೋಟಾರು ದೋಣಿಗಳು.

ಅಲ್ಲಿನ ಅಧಿಕಾರಿ ಒಂದು ದೋಣಿಯನ್ನು ತಪಾಸಣೆ ಮಾಡುವ ರೀತಿ ನೋಡಿ. ಕೈಯಲ್ಲಿ ಪುಟ್ಟ ಅಳತೆಗೋಲು ಇರುತ್ತದೆ. ಲಾಬ್‌ಸ್ಟರ್‌ನ ಬೆನ್ನಿನ ಚಿಪ್ಪು 3 ಇಂಚಿಗಿಂತ ಉದ್ದ ಇರಬೇಕು. ಅಳತೆಗೋಲಿನೊಳಗೆ ಚಿಪ್ಪು ಸಲೀಸಾಗಿ ಕೂತರೆ ಅದು ಮರಿ, ಹಿಡಿಯುವ ಹಾಗಿಲ್ಲ. ನೀರಿನಲ್ಲಿರುವಾಗಲೇ ಅಳೆದು ಬಿಟ್ಟುಬಿಡಬೇಕಿತ್ತು. ಕೀಸ್‌ನಲ್ಲಿ ಒಬ್ಬರಿಗೆ ದಿನಕ್ಕೆ 6 ಮಾತ್ರ. ಲೆಕ್ಕ ತಪ್ಪಿದರೆ, ಅಳತೆ ತಪ್ಪಿದರೆ, ಕ್ರಿಮಿನಲ್ ಕೇಸು ಬೀಳಬಹುದು. ಇಲ್ಲಿ ಮಾತಿಗೆ ಜಾಗವೇ ಇಲ್ಲ.

ಅದೇ ಅಧಿಕಾರಿ, ಅದೇ ದಿನ, ಅದೇ ನೀರಿನಲ್ಲಿ ಇನ್ನೊಂದು ಕಾನೂನನ್ನೂ ಜಾರಿ ಮಾಡಬೇಕು. ನೀರಿನಡಿ ಮನುಷ್ಯರಿದ್ದಾರೆ ಎಂದು ಸಾರುವ ಬಾವುಟದ ಕಾನೂನು. ಅದರಲ್ಲೂ ಅಳತೆ ಇದೆ: 300 ಅಡಿ. ಆದರೆ ಆ 300 ಅಡಿಯನ್ನು ಅಳೆಯುವ ಕೋಲು ಯಾರ ಕೈಯಲ್ಲೂ ಇಲ್ಲ. ಅಷ್ಟು ದೂರ ಇರಲು ದೋಣಿಯವರು ‘ತಕ್ಕಷ್ಟು ಪ್ರಯತ್ನ’ ಮಾಡಬೇಕು ಎಂದಷ್ಟೇ ಕಾನೂನು ಹೇಳುತ್ತದೆ. ಆ ಪ್ರಯತ್ನ ಸಾಕಾಯಿತೋ ಇಲ್ಲವೋ ಎಂದು ಮೊದಲು ತೀರ್ಮಾನಿಸುವುದು ದೋಣಿಯಲ್ಲಿ ನಿಂತಿರುವ ಅಧಿಕಾರಿ. ತಪ್ಪು ಎಂದು ಕಂಡರೂ ಸಾಮಾನ್ಯವಾಗಿ ಕೊಡುವುದು ದಂಡದ ಚೀಟಿ. ಬಾವುಟದ ನಿಯಮ ಮುರಿಯುವುದು ಅಲ್ಲಿ ಕ್ರಿಮಿನಲ್ ಅಪರಾಧ ಅಲ್ಲ.

ಲಾಬ್‌ಸ್ಟರ್‌ಗೆ ಅಳತೆಗೋಲು, ಮನುಷ್ಯನಿಗೆ ಅಂದಾಜು. ಇದು ಹೀಗೇಕಾಯಿತು, ಹೀಗೇ ಇರಬೇಕಾ ಅನ್ನುವುದನ್ನು ಬಿಡಿಸಿ ನೋಡಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಬಾವುಟದ ವಿಷಯ. ಕೆಂಪು ಬಟ್ಟೆ. ಮೇಲಿನ ಎಡ ಮೂಲೆಯಿಂದ ಕೆಳಗಿನ ಬಲ ಮೂಲೆಗೆ ಓರೆಯಾಗಿ ಒಂದು ಬಿಳಿ ಪಟ್ಟಿ. ಸ್ಕೂಬಾ ಅಂಗಡಿಗಳ ಬಾಗಿಲಲ್ಲಿ, ಕಾರಿನ ಹಿಂಬದಿಯ ಸ್ಟಿಕರ್‌ಗಳಲ್ಲಿ ನೀವು ನೋಡಿರುತ್ತೀರಿ. 1956ರ ಸುಮಾರಿಗೆ ಅಮೆರಿಕದ ಮಿಶಿಗನ್‌ನಲ್ಲಿ ಡೆನ್ಜೆಲ್ ಡಾಕರಿ ಎಂಬ ಡೈವರ್ ಇದನ್ನು ರೂಪಿಸಿದರು. ಡೈವಿಂಗ್ ಸಾಮಾನು ಮಾರುತ್ತಿದ್ದ ಟೆಡ್ ನಿಕ್ಸನ್ ಅದನ್ನು ಊರೂರಿಗೆ ತಲುಪಿಸಿದರು. ಅಂದರೆ ಇದು ಸರಕಾರ ಕೂತು ಬರೆದ ಚಿಹ್ನೆ ಅಲ್ಲ. ಡೈವರ್‌ಗಳು ತಮ್ಮ ಜೀವ ಉಳಿಸಿಕೊಳ್ಳಲು ತಾವೇ ಮಾಡಿಕೊಂಡ ಗುರುತು. ಕಾನೂನು ಆಮೇಲೆ ಬಂತು, ಒಂದೊಂದು ರಾಜ್ಯದಲ್ಲಿ ಒಂದೊಂದು ಥರ.

ಇದರ ಜೊತೆ ಇನ್ನೊಂದು ಬಾವುಟವೂ ಇದೆ. ನೀಲಿ-ಬಿಳಿ ಬಣ್ಣದ, ಬಾಲ ಸೀಳಿದ ‘ಆಲ್ಫಾ’ ಬಾವುಟ. ಇದು ಅಂತರರಾಷ್ಟ್ರೀಯ ಸಂಕೇತ. ಎರಡರ ಅರ್ಥವೂ ಒಂದೇ ಎಂದು ಬಹಳ ಜನ ತಿಳಿದಿದ್ದಾರೆ, ಅಲ್ಲ. ಆಲ್ಫಾ ಬಾವುಟ ಹೇಳುವುದು ಹಡಗಿನ ಬಗ್ಗೆ: ‘ನಮ್ಮ ಡೈವರ್ ನೀರಿನಲ್ಲಿದ್ದಾನೆ, ನಾವು ಬೇಗ ಪಕ್ಕಕ್ಕೆ ಸರಿಯಲಾರೆವು, ನಿಧಾನವಾಗಿ ದೂರದಿಂದ ಹೋಗಿ’ ಎಂದು. ಕೆಂಪು-ಬಿಳಿ ಬಾವುಟ ಹೇಳುವುದು ಮನುಷ್ಯನ ಬಗ್ಗೆ: ‘ಇಲ್ಲಿ ನೀರಿನಡಿ ಜನ ಇದ್ದಾರೆ’. ಒಂದು ದೋಣಿಯನ್ನು ಕಾಪಾಡುತ್ತದೆ, ಇನ್ನೊಂದು ತಲೆಯನ್ನು.

ಫ್ಲೋರಿಡಾದ ಕಾನೂನು ಪುಸ್ತಕದಲ್ಲಿ 327.331 ಎಂಬ ಕಲಮಿದೆ. ಅದು ತುಂಬ ವಿವರವಾಗಿದೆ. ದೋಣಿಯ ಮೇಲೆ ಹಾರಿಸುವ ಬಾವುಟ ಕನಿಷ್ಠ 20 ಇಂಚು ಎತ್ತರ, 24 ಇಂಚು ಅಗಲ ಇರಬೇಕು. ನೀರಿನ ಮೇಲೆ ತೇಲುವ ಬೋಯಾಕ್ಕೆ ಕಟ್ಟುವುದಾದರೆ 12 ಇಂಚು ಚೌಕ ಸಾಕು. ಗಾಳಿ ಇಲ್ಲದಿದ್ದರೂ ಬಿಚ್ಚಿಕೊಂಡಿರಲು ಒಳಗೆ ತಂತಿಯೋ ಕಡ್ಡಿಯೋ ಇರಬೇಕು. ದೋಣಿಯಲ್ಲಿ ಸುತ್ತಲಿಂದಲೂ ಕಾಣುವ ಎತ್ತರದ ಜಾಗದಲ್ಲಿರಬೇಕು. ಡೈವರ್ ಅಂದರೆ ಬೆನ್ನಿಗೆ ಸಿಲಿಂಡರ್ ಹೊತ್ತವರು ಮಾತ್ರ ಅಲ್ಲ. ಮಾಸ್ಕು ಹಾಕಿ, ಸ್ನಾರ್ಕೆಲ್ ಕಚ್ಚಿ, ಅರ್ಧ ಮೈ ನೀರಿನಲ್ಲಿಟ್ಟವರೂ ಡೈವರ್‌ಗಳೇ. ಬರೀ ಈಜಿಗೆ ಅಂತ ಬಳಕೆಯಲ್ಲಿರುವ ಜಾಗಗಳಿಗಷ್ಟೇ ವಿನಾಯಿತಿ. ರಜೆಗೆ ಹೋಗಿ ಕೀ ವೆಸ್ಟ್‌ನಲ್ಲಿ ದೋಣಿ ಬಾಡಿಗೆಗೆ ಹಿಡಿದು ಮಕ್ಕಳನ್ನು ನೀರಿಗಿಳಿಸುವ ನಮ್ಮ ಕನ್ನಡದ ಕುಟುಂಬಗಳಿಗೂ ಇದೇ ಕಾನೂನು. ಇದು ತಿಳಿದಿರಲಿ.

ಡೈವರ್‌ಗಳು ತೆರೆದ ನೀರಿನಲ್ಲಿ ಬಾವುಟದಿಂದ 300 ಅಡಿಯೊಳಗೆ, ನದಿ, ಅಳಿವೆ, ದೋಣಿದಾರಿಗಳಲ್ಲಿ 100 ಅಡಿಯೊಳಗೆ ಇರಲು ತಕ್ಕಷ್ಟು ಪ್ರಯತ್ನ ಮಾಡಬೇಕು. ದೋಣಿಗಳು ಅಷ್ಟೇ ದೂರ ಹೊರಗಿರಲು ತಕ್ಕಷ್ಟು ಪ್ರಯತ್ನ ಮಾಡಬೇಕು. ದೋಣಿದಾರಿಯಲ್ಲಿ ಬಾವುಟ ಹಾರಿಸಿ ಓಡಾಟಕ್ಕೆ ‘ಅತಿಯಾದ’ ಅಡ್ಡಿ ಮಾಡಬಾರದು. ಮೂರು ನಿಯಮ, ಮೂರರಲ್ಲೂ ರಬ್ಬರಿನ ಥರ ಎಳೆಯಬಹುದಾದ ಒಂದೊಂದು ಮಾತು. ಇವುಗಳ ನಡುವೆ ಒಂದೇ ಒಂದು ಗಟ್ಟಿ ನಿಯಮ ಇದೆ. ಆ 300 ಅಥವಾ 100 ಅಡಿಯೊಳಗೆ ಬಂದ ದೋಣಿ, ತನ್ನ ಹಿಡಿತ ತಪ್ಪದಿರಲು ಎಷ್ಟು ಬೇಕೋ ಅಷ್ಟೇ ವೇಗದಲ್ಲಿ ಹೋಗಬೇಕು. ಅದಕ್ಕಿಂತ ಜಾಸ್ತಿ ಕೂಡದು. ಇಲ್ಲಿ ‘ಪ್ರಯತ್ನ’ ಎಂಬ ಮಾತಿಲ್ಲ. ಪೊಲೀಸ್ ದೋಣಿ ಮತ್ತು ರಕ್ಷಣಾ ದೋಣಿಗೆ ಮಾತ್ರ ವಿನಾಯಿತಿ.

ಈ ಗಟ್ಟಿ ನಿಯಮದ ಬೆಲೆ ತಿಳಿಯಬೇಕಾದರೆ ಸಣ್ಣ ಲೆಕ್ಕ ಮಾಡಬೇಕು. ಗಂಟೆಗೆ 30 ಮೈಲಿ, ಅಂದರೆ 48 ಕಿಲೋಮೀಟರ್ ವೇಗ ಮೋಟಾರು ದೋಣಿಗೆ ದೊಡ್ಡದೇನಲ್ಲ. ಆ ವೇಗದಲ್ಲಿ ಅದು ಸೆಕೆಂಡಿಗೆ 44 ಅಡಿ ಓಡುತ್ತದೆ. 300 ಅಡಿ ದಾಟಲು ಏಳು ಸೆಕೆಂಡು ಸಾಕು. ಅಳಿವೆಯ 100 ಅಡಿಗೆ ಎರಡು ಸೆಕೆಂಡು ಚಿಲ್ಲರೆ. ಇನ್ನು ಕಣ್ಣಿಗೆ ಕಾಣುವ ಮಾತು. 12 ಇಂಚಿನ ಬಾವುಟ 300 ಅಡಿ ದೂರದಿಂದ ಎಷ್ಟು ದೊಡ್ಡದು ಗೊತ್ತಾ? ಕೈ ಚಾಚಿ ಬೆರಳ ತುದಿಯಲ್ಲಿ ಹಿಡಿದ ಒಂದು ಸಾಸಿವೆ ಕಾಳಿನಷ್ಟು. ಅಲೆಯ ಮೇಲೆ ಏಳುತ್ತ ಬೀಳುತ್ತ, ಬಿಸಿಲು ಚುಚ್ಚುವ ನೀರಿನ ನಡುವೆ ಇರುವ ಸಾಸಿವೆ ಕಾಳು. ವೇಗ ಏರಿಸುವಾಗ ದೋಣಿಯ ಮೂತಿ ಮೇಲೆದ್ದಿರುತ್ತದೆ. ಚುಕ್ಕಾಣಿ ಹಿಡಿದವನಿಗೆ ಎದುರಿನ ನೀರೇ ಸರಿಯಾಗಿ ಕಾಣುವುದಿಲ್ಲ. ಬಾವುಟ ಕಂಡ ಮೇಲೆ ನಿಧಾನ ಮಾಡುತ್ತೇನೆ ಎನ್ನುವವನು ಬಹಳ ಸಲ ತಡ ಮಾಡಿರುತ್ತಾನೆ. ಡೈವರ್‌ಗಳು ಇರುವ ಕಡೆ ಮೊದಲೇ ನಿಧಾನ ಹೋಗುವವನಷ್ಟೇ ಸಮಯಕ್ಕೆ ನಿಲ್ಲಬಲ್ಲ.

ಕೆಳಗಿರುವವರ ಪಾಡು ಬೇರೆ. ನಾನು ಮೊದಲ ಬಾರಿ ಮುಳುಗಿದ್ದು ಮುರುಡೇಶ್ವರದ ಆಚೆ, ನೇತ್ರಾಣಿ ಗುಡ್ಡದ ಬುಡದಲ್ಲಿ. ಪಕ್ಕದಲ್ಲಿ ತರಬೇತುದಾರ ನನ್ನ ತೋಳು ಹಿಡಿದಿದ್ದರು. ಮೇಲೆ ಬರುವ ಹೊತ್ತಿಗೆ ಒಂದು ಎಂಜಿನ್ ಸದ್ದು ಕೇಳಿಸಿತು. ಎಲ್ಲಿಂದ ಅಂತ ಗೊತ್ತಾಗಲಿಲ್ಲ. ಎಡಕ್ಕೂ ಅದೇ, ಬಲಕ್ಕೂ ಅದೇ, ತಲೆಯೊಳಗೇ ಯಾರೋ ಹಿಟ್ಟಿನ ಗಿರಣಿ ಹಚ್ಚಿದ ಹಾಗೆ. ತರಬೇತುದಾರರು ಅಂಗೈ ಅಗಲಿಸಿ ‘ನಿಲ್ಲು’ ಎಂದು ಸನ್ನೆ ಮಾಡಿದರು. ಇಬ್ಬರೂ ಮೇಲೆ ನೋಡುತ್ತ ನಿಂತೆವು. ಸದ್ದು ಸಣ್ಣದಾಗುವವರೆಗೆ ಅವರು ನನ್ನ ತೋಳು ಬಿಡಲಿಲ್ಲ. ಆಮೇಲೆ ದೋಣಿಯಲ್ಲಿ ವಿವರಿಸಿದರು: ನೀರಿನಲ್ಲಿ ಶಬ್ದ ಗಾಳಿಗಿಂತ ನಾಲ್ಕೂವರೆ ಪಟ್ಟು ಬೇಗ ಓಡುತ್ತದೆ. ಎರಡೂ ಕಿವಿಗೆ ಹೆಚ್ಚುಕಡಿಮೆ ಒಟ್ಟಿಗೇ ತಲುಪುತ್ತದೆ. ಹಾಗಾಗಿ ದಿಕ್ಕು ತಿಳಿಯುವುದಿಲ್ಲ. ರಸ್ತೆ ದಾಟುವವನು ಎರಡೂ ಕಡೆ ನೋಡಿ ಓಡಬಹುದು. ನೀರಿನಿಂದ ಮೇಲೇಳುವವನಿಗೆ ಆ ಅವಕಾಶ ಇಲ್ಲ. ಮೇಲಿರುವವನು ನೋಡಿಕೊಂಡರಷ್ಟೇ ಕೆಳಗಿನವನಿಗೆ ರಕ್ಷಣೆ.

ಈಗ ಪೊಲೀಸರ ಕಡೆಯಿಂದ ನೋಡೋಣ. ಫ್ಲೋರಿಡಾದಲ್ಲಿ ನೋಂದಣಿಯಾದ ದೋಣಿಗಳು 10 ಲಕ್ಷದ ಆಸುಪಾಸು. ಕಡಲತೀರ ಸುಮಾರು 1,350 ಮೈಲಿ. ರಾಜ್ಯದ ಮೀನು ಮತ್ತು ವನ್ಯಜೀವಿ ಆಯೋಗದ ಅಧಿಕಾರಿಗಳು, ಜಿಲ್ಲೆಯ ಶೆರಿಫ್ ಕಚೇರಿಯವರು, ಊರಿನ ಪೊಲೀಸರ ಕಡಲ ವಿಭಾಗದವರು ಈ ಕಾನೂನನ್ನು ಜಾರಿ ಮಾಡಬಹುದು. ಎಷ್ಟೇ ಜನ ಇದ್ದರೂ ಎಲ್ಲ ದೋಣಿಗಳ ಹಿಂದೆ ಹೋಗಲು ಸಾಧ್ಯವಿಲ್ಲ. ಯಾರನ್ನು ನಿಲ್ಲಿಸಬೇಕು, ಯಾರಿಗೆ ಬುದ್ಧಿ ಹೇಳಿ ಕಳಿಸಬೇಕು, ಯಾರಿಗೆ ಚೀಟಿ ಬರೆಯಬೇಕು ಅನ್ನುವುದನ್ನು ಅಲ್ಲೇ, ಆ ಕ್ಷಣದಲ್ಲೇ ತೀರ್ಮಾನಿಸಬೇಕು. ನಮ್ಮ ಸಿಗ್ನಲ್‌ಗಳಲ್ಲಿ ಟ್ರಾಫಿಕ್ ಪೊಲೀಸರು ಹೆಲ್ಮೆಟ್ ಇಲ್ಲದವರಲ್ಲಿ ಯಾರ ಗಾಡಿಗೆ ಕೈ ಅಡ್ಡ ಹಾಕುತ್ತಾರೋ, ಅದೂ ಇದೇ ಥರದ ತೀರ್ಮಾನ. ವಿವೇಚನೆ ಎಂಬುದು ಇಲ್ಲದಿದ್ದರೆ ಪೊಲೀಸ್ ಕೆಲಸವೇ ನಡೆಯುವುದಿಲ್ಲ. ಅದು ಇರಲೇಬಾರದು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಆದರೆ ಆ ವಿವೇಚನೆ ಯಾವ ಕಡೆಗೆ ವಾಲುತ್ತದೆ? ನನ್ನ ತಕರಾರು ಇರುವುದು ಇಲ್ಲಿ. ಲಂಗರು ಹಾಕಿ ನಿಂತ ಡೈವ್ ದೋಣಿ ಎಲ್ಲೂ ಓಡಿ ಹೋಗುವುದಿಲ್ಲ. ಅದರ ಬಾವುಟ 20 ಇಂಚು ಇದೆಯೋ 18 ಇಂಚೋ ಅಂತ ಟೇಪು ಹಿಡಿದು ನೋಡಬಹುದು. ಒಳಗೆ ಕಡ್ಡಿ ಇಲ್ಲ, ಬಣ್ಣ ಮಾಸಿದೆ, ಸರಿಯಾದ ಎತ್ತರದಲ್ಲಿಲ್ಲ, ಡೈವರ್ ಸ್ವಲ್ಪ ದೂರ ಹೋಗಿದ್ದಾನೆ: ಇವೆಲ್ಲ ಕಣ್ಣೆದುರಿಗೇ ಸಿಗುವ ತಪ್ಪುಗಳು. ಅದೇ ಬಾವುಟದ ಪಕ್ಕದಲ್ಲೇ ಭರ್ರೆಂದು ಹಾದುಹೋದ ದೋಣಿ? ಅದು 280 ಅಡಿ ದೂರದಲ್ಲಿತ್ತೋ 320 ಅಡಿಯೋ? ಚಾಲಕ ‘ದೂರ ಇರೋಕೆ ನೋಡಿದೆ, ಗಾಳಿ ತಳ್ಳಿತು’ ಎಂದರೆ? ಹಿಂದೆ ಹೋಗಿ ಹಿಡಿಯಬೇಕು, ನಿಲ್ಲಿಸಬೇಕು, ನ್ಯಾಯಾಲಯದಲ್ಲಿ ದೂರ ಸಾಬೀತು ಮಾಡಬೇಕು. ಯಾವ ಕಡೆ ಚೀಟಿ ಬರೆಯುವುದು ಸುಲಭ ಅಂತ ಬಿಡಿಸಿ ಹೇಳಬೇಕಿಲ್ಲ. ಕಾನೂನಿನ ಕಾಗದದಲ್ಲಿ ಎರಡೂ ಕಡೆಗೆ ಸಮಾನ ಹೊಣೆ ಇದೆ. ನೀರಿಗೆ ಬಂದಾಗ ನಿಂತವನ ಮೇಲೆ ಹೊರೆ ಜಾಸ್ತಿ ಬೀಳುವ ಹಾಗೆ ಅದರ ರಚನೆಯೇ ಇದೆ.

ಇದಕ್ಕೊಂದು ದಾರಿಯೂ ಅದೇ ಕಾನೂನಿನಲ್ಲಿದೆ. ದೂರವನ್ನು ಕಣ್ಣಳತೆಯಲ್ಲಿ ಹೇಳುವುದು ಕಷ್ಟ. ವೇಗವನ್ನು ಹೇಳುವುದು ಅಷ್ಟು ಕಷ್ಟವಲ್ಲ. ನಿಧಾನ ಹೋಗುವ ದೋಣಿ ನೀರಿನಲ್ಲಿ ಕೂತಿರುತ್ತದೆ, ಹಿಂದೆ ಅಲೆ ಏಳುವುದೇ ಇಲ್ಲ. ಜೋರಾಗಿ ಹೋಗುವ ದೋಣಿ ಮೂತಿ ಎತ್ತಿ ನೀರಿನ ಮೇಲೆ ಜಾರುತ್ತಿರುತ್ತದೆ, ಹಿಂದೆ ಬಿಳಿ ನೊರೆ. ಸಣ್ಣ ಹುಡುಗನೂ ವ್ಯತ್ಯಾಸ ಹೇಳಬಲ್ಲ. ಬಾವುಟದಿಂದ 150 ಅಡಿಯಲ್ಲಿ ನೊರೆ ಎಬ್ಬಿಸಿಕೊಂಡು ಹೋದ ದೋಣಿಯ ವಿಷಯದಲ್ಲಿ ‘ಪ್ರಯತ್ನ’ದ ಮಾತು ಬರುವುದೇ ಇಲ್ಲ. ಮೊಬೈಲ್‌ನಲ್ಲಿ ತೆಗೆದ ವಿಡಿಯೋ ಇದ್ದರೆ ಇನ್ನೂ ಸುಲಭ. ಅಧಿಕಾರಿಯ ಕಟ್ಟುನಿಟ್ಟು ಪೂರ್ತಿಯಾಗಿ ಇಲ್ಲಿ ಬೀಳಬೇಕು. ಬಟ್ಟೆಯ ಅಳತೆ, ಕಡ್ಡಿ, ಮಾಸಿದ ಬಣ್ಣ ಇವಕ್ಕೆಲ್ಲ ಮೊದಲ ಸಲ ಎಚ್ಚರಿಕೆ ಕೊಟ್ಟು, ಬೇಕಾದರೆ ಹೊಸ ಬಾವುಟ ಎಲ್ಲಿ ಸಿಗುತ್ತದೆ ಅಂತ ಹೇಳಿ ಕಳಿಸಲಿ. ವೇಗಕ್ಕೆ ಮಾತ್ರ ಮೊದಲ ಸಲವೇ ಚೀಟಿ.

ಡೈವರ್‌ಗಳ ಕಡೆಯ ಒಂದು ತಪ್ಪನ್ನು ಮಾತ್ರ ನಾನು ಹಗುರ ಎಂದು ಒಪ್ಪುವುದಿಲ್ಲ. ನೀರಿನಲ್ಲಿ ಯಾರೂ ಇಲ್ಲದಿದ್ದರೂ ಬಾವುಟ ಹಾರಿಸಿಕೊಂಡೇ ಇರುವುದು. ಫ್ಲೋರಿಡಾದ ಕಾನೂನು ಸ್ಪಷ್ಟವಾಗಿದೆ: ಡೈವರ್ ನೀರಿನಲ್ಲಿದ್ದಾಗ ಮಾತ್ರ ಬಾವುಟ, ಎಲ್ಲರೂ ಹತ್ತಿದ ಮೇಲೆ ಇಳಿಸಬೇಕು. ನೇತ್ರಾಣಿಯಿಂದ ವಾಪಸ್ ಬರುವಾಗ ನಾವು ಕೂತಿದ್ದ ದೋಣಿಯಲ್ಲಿ ಬಾವುಟ ಹಾಗೇ ಇತ್ತು. ಎಂಜಿನ್ ಪೂರ್ತಿ ವೇಗದಲ್ಲಿತ್ತು, ಮುರುಡೇಶ್ವರದ ಶಿವನ ವಿಗ್ರಹ ಕಾಣುವಷ್ಟು ದಡ ಹತ್ತಿರ ಬಂದಿತ್ತು, ಆ ಬಟ್ಟೆ ಮಾತ್ರ ಪಟಪಟ ಹೊಡೆದುಕೊಳ್ಳುತ್ತಲೇ ಇತ್ತು. ಇಳಿಸಬೇಕಲ್ವಾ ಎಂದು ಕೇಳಿದೆ. ‘ಇರಲಿ ಬಿಡಿ ಸರ್, ಯಾವಾಗ್ಲೂ ಅಲ್ಲೇ ಇರುತ್ತೆ’ ಅಂದರು ಹುಡುಗರು. ಅವರಲ್ಲಿ ಕೆಟ್ಟ ಉದ್ದೇಶ ಏನೂ ಇರಲಿಲ್ಲ. ಆದರೆ ಎದುರು ಬಂದ ಮೀನುಗಾರಿಕೆಯ ಟ್ರಾಲ್ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವನು, ಆ ದಿನ ಏನು ಕಲಿತ? ಈ ಬಾವುಟ ಹಾರಿಸಿಕೊಂಡು ಓಡುವ ದೋಣಿಯನ್ನು ಕಣ್ಣಾರೆ ಕಂಡ. ಅಂದರೆ ಅದಕ್ಕೆ ಅರ್ಥ ಇಲ್ಲ ಅಂತ ಕಲಿತ. ಮಾರನೆಯ ದಿನ ಅದರಡಿ ನಿಜವಾಗಿ ಜನ ಇದ್ದಾಗ ಅವನು ಯಾಕೆ ನಿಧಾನ ಮಾಡಬೇಕು? ಸುಮ್ನೆ ಹಾರಿದ ಒಂದೊಂದು ಬಾವುಟವೂ ಇನ್ನೊಬ್ಬ ಡೈವರ್‌ನ ರಕ್ಷಣೆಯನ್ನು ತುಸು ತುಸುವೇ ಕಿತ್ತುಕೊಳ್ಳುತ್ತದೆ.

ಚೀಟಿಯ ಆಚೆಗೂ ಅಧಿಕಾರಿಯ ಕೈಯಲ್ಲಿ ಮೆಟ್ಟಿಲುಗಳಿವೆ. ಒಂದೇ ಘಟನೆಯನ್ನು ಬರೀ ಬಾವುಟದ ತಪ್ಪು ಎಂದು ಬರೆಯಬಹುದು. ಅಜಾಗರೂಕ ಚಾಲನೆ ಎಂದು ಬರೆಯಬಹುದು. ಅದೂ ದಂಡದ ವಿಷಯವೇ. ಬೇಕೆಂದೇ, ಲೆಕ್ಕಿಸದೆ, ಜನರ ಜೀವಕ್ಕೆ ಅಪಾಯ ತಂದ ಚಾಲನೆ ಎಂದು ಬರೆದರೆ ಅದು ಕ್ರಿಮಿನಲ್ ಕೇಸು. ಮೊದಲ ಮೆಟ್ಟಿಲಿಗೂ ಕೊನೆಯ ಮೆಟ್ಟಿಲಿಗೂ ನಡುವೆ ಇರುವ ಅಂತರವನ್ನು ತುಂಬುವುದು ಆ ದಿನ ಅಲ್ಲಿದ್ದವನ ಅಂದಾಜು.

ಅಧಿಕಾರಿ ಏನೂ ಮಾಡದೆ ಬಿಟ್ಟರೆ? ಆಮೇಲೆ ಅದೇ ದೋಣಿ ಯಾರಿಗೋ ಬಡಿದರೆ? ಪೊಲೀಸರ ಮೇಲೆ ಕೇಸು ಹಾಕಬಹುದಾ? ಫ್ಲೋರಿಡಾದ ಸುಪ್ರೀಂ ಕೋರ್ಟ್ 1985ರಲ್ಲಿ ಎವರ್ಟನ್ ವಿರುದ್ಧ ವಿಲ್ಲಾರ್ಡ್ ಎಂಬ ಪ್ರಕರಣದಲ್ಲಿ ಇದಕ್ಕೆ ಉತ್ತರ ಕೊಟ್ಟಿದೆ. ಅದು ರಸ್ತೆಯ ಪ್ರಕರಣ. ಶೆರಿಫ್ ಕಚೇರಿಯ ಒಬ್ಬ ಡೆಪ್ಯುಟಿ ಒಂದು ಕಾರು ನಿಲ್ಲಿಸಿದ. ಚಾಲಕ ಕುಡಿದಿದ್ದು ತಿಳಿಯಿತು. ಆದರೂ ಸಂಚಾರ ತಪ್ಪಿಗೆ ಚೀಟಿ ಕೊಟ್ಟು ಬಿಟ್ಟುಬಿಟ್ಟ. ಸ್ವಲ್ಪ ಹೊತ್ತಿನಲ್ಲೇ ಆ ಕಾರು ಡಿಕ್ಕಿ ಹೊಡೆದು ಜೀವ ಹೋಯಿತು. ಬಂಧಿಸಬೇಕೋ ಬೇಡವೋ ಅನ್ನುವುದು ಅಧಿಕಾರಿಯ ವಿವೇಚನೆಗೆ ಬಿಟ್ಟ ವಿಷಯ, ಅದಕ್ಕಾಗಿ ಪರಿಹಾರ ಕೇಳಲು ಬರುವುದಿಲ್ಲ ಎಂದು ಕೋರ್ಟ್ ಹೇಳಿತು. 2005ರಲ್ಲಿ ಕ್ಯಾಸಲ್ ರಾಕ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ಪೊಲೀಸರು ಜಾರಿ ಮಾಡಲೇಬೇಕು ಎಂದು ಕಾನೂನಿನಲ್ಲೇ ಬರೆದಿದ್ದರೂ ಅವರ ವಿವೇಚನೆ ಪೂರ್ತಿ ಹೋಗುವುದಿಲ್ಲ, ಜಾರಿಯನ್ನು ಹಕ್ಕಾಗಿ ಕೇಳಲು ಬರುವುದಿಲ್ಲ ಎಂದಿತು. ಆ ಪ್ರಕರಣದಲ್ಲಿ ಮೂವರು ಹೆಣ್ಣುಮಕ್ಕಳನ್ನು ಅವರ ಅಪ್ಪನೇ ಕೊಂದಿದ್ದ. ತಾಯಿ ಪೊಲೀಸರನ್ನು ಮತ್ತೆ ಮತ್ತೆ ಕರೆದಿದ್ದಳು. ಓದಿದಾಗ ಹೊಟ್ಟೆ ತೊಳಸಿದ ಹಾಗಾಗುತ್ತದೆ.

ಈ ಎರಡೂ ತೀರ್ಪು ಡೈವ್ ಬಾವುಟದ ಬಗ್ಗೆ ಅಲ್ಲ. ಆದರೆ ಅವುಗಳ ನೆರಳು ಇಲ್ಲಿಗೂ ಬೀಳುತ್ತದೆ. ‘ನನ್ನ ಬಾವುಟದ ಪಕ್ಕದಲ್ಲೇ ದಿನಾ ದೋಣಿಗಳು ಓಡುತ್ತವೆ, ಯಾರೂ ಕೇಳುವುದಿಲ್ಲ’ ಎನ್ನುವ ಡೈವರ್ ಕೋರ್ಟಿಗೆ ಹೋಗಿ ಪೊಲೀಸರನ್ನು ಕೆಲಸಕ್ಕೆ ಹಚ್ಚಲು ಆಗುವುದಿಲ್ಲ. ಹಾಗಾಗಿ ಈ ಜಗಳ ತೀರಬೇಕಾದದ್ದು ಇಲಾಖೆಯೊಳಗಿನ ನಿಯಮಗಳಲ್ಲಿ: ಯಾವ ತಪ್ಪಿಗೆ ಎಚ್ಚರಿಕೆ, ಯಾವ ತಪ್ಪಿಗೆ ಚೀಟಿ ಎಂದು ಮೊದಲೇ ಬರೆದಿಡುವುದರಲ್ಲಿ.

2025ರಲ್ಲಿ ಈ ಚಿತ್ರ ಇನ್ನೂ ಬದಲಾಯಿತು. ಕಾರು ಮತ್ತು ದೋಣಿಯ ನಡುವೆ ಅಮೆರಿಕದ ಕಾನೂನು ಮೊದಲಿನಿಂದ ಭೇದ ಮಾಡಿಕೊಂಡು ಬಂದಿದೆ. ಯಾವ ಅನುಮಾನವೂ ಇಲ್ಲದೆ ಮನಸ್ಸಿಗೆ ಬಂದ ಕಾರನ್ನು ನಿಲ್ಲಿಸುವಂತಿಲ್ಲ ಎಂದು 1979ರ ಪ್ರೌಸ್ ತೀರ್ಪು ಹೇಳಿತು. ಕಡಲಿಗೆ ನೇರ ದಾರಿಯಿರುವ ನೀರಿನಲ್ಲಿ ಕಸ್ಟಮ್ಸ್ ಅಧಿಕಾರಿಗಳು ಅನುಮಾನವಿಲ್ಲದೆಯೂ ದೋಣಿ ಹತ್ತಿ ಕಾಗದ ಪತ್ರ ನೋಡಬಹುದು ಎಂದು 1983ರ ವಿಲ್ಲಾಮಾಂಟೆ-ಮಾರ್ಕೆಜ್ ತೀರ್ಪು ಹೇಳಿತು. ನೀರಿನಲ್ಲಿ ಚೆಕ್‌ಪೋಸ್ಟ್ ಇಡಲಾಗದು, ನಂಬರ್ ಪ್ಲೇಟು ದೂರದಿಂದ ಓದಲಾಗದು ಎಂಬಂಥ ಕಾರಣಗಳು. ಫ್ಲೋರಿಡಾದಲ್ಲೂ ಸುರಕ್ಷತಾ ತಪಾಸಣೆಯ ಹೆಸರಲ್ಲಿ ಅಧಿಕಾರಿಗಳು ದೋಣಿ ನಿಲ್ಲಿಸುತ್ತಿದ್ದರು. ಲೈಫ್ ಜಾಕೆಟ್ ತೋರಿಸಿ, ಸೀಟಿ ತೋರಿಸಿ ಎಂದು. ದೋಣಿಯವರಿಗೆ ಇದು ಕಿರಿಕಿರಿ. 2025ರ ಮೇ ತಿಂಗಳಲ್ಲಿ ರಾಜ್ಯಪಾಲ ರಾನ್ ಡಿಸ್ಯಾಂಟಿಸ್ ಸಹಿ ಹಾಕಿದ ‘ಬೋಟರ್ ಫ್ರೀಡಂ’ ಕಾಯ್ದೆ ಇದಕ್ಕೆ ತಡೆ ಹಾಕಿತು. ಜುಲೈ 1ರಿಂದ ಅದು ಜಾರಿಯಲ್ಲಿದೆ. ತಪ್ಪು ನಡೆದಿದೆ ಎನ್ನಲು ಗಟ್ಟಿ ಕಾರಣ ಇಲ್ಲದೆ ರಾಜ್ಯದ ಅಧಿಕಾರಿಗಳು ದೋಣಿ ನಿಲ್ಲಿಸುವಂತಿಲ್ಲ. ಕೇಂದ್ರದ ಕೋಸ್ಟ್ ಗಾರ್ಡ್‌ಗೆ ಈ ಕಟ್ಟು ಇಲ್ಲ.

ಇದರಿಂದ ಡೈವರ್‌ಗಳಿಗೆ ಏನಾಯಿತು? ಬಾವುಟದ ಪಕ್ಕ ನೊರೆ ಎಬ್ಬಿಸಿ ಹೋದ ದೋಣಿಯನ್ನು ನಿಲ್ಲಿಸಲು ಈಗಲೂ ತೊಂದರೆ ಇಲ್ಲ. ತಪ್ಪು ಕಣ್ಣಿಗೇ ಕಂಡಿದೆಯಲ್ಲ, ಅದೇ ಗಟ್ಟಿ ಕಾರಣ. ನೀರಿನಲ್ಲಿ ಡೈವರ್ ಇದ್ದು ಬಾವುಟ ಇಲ್ಲದಿದ್ದರೂ ಹಾಗೇ. ಹೋಗಿದ್ದು ಬೇರೆಯೇ ಒಂದು ಸಣ್ಣ ವಿಷಯ. ಬೆಳಗ್ಗೆ ಸುಮ್ಮನೆ ನಿಲ್ಲಿಸಿ, ‘ಇವತ್ತು ಡೈವ್ ಮಾಡ್ತೀರಾ? ಬಾವುಟ ತಂದಿದ್ದೀರಾ?’ ಎಂದು ಕೇಳುವ ಅವಕಾಶ. ಅಪಘಾತ ಆಗುವ ಮೊದಲೇ ತಡೆಯುವ ಮಾತು ಅದು. ಇನ್ನು ಮುಂದೆ ಆ ಮಾತು ದೋಣಿ ನೀರಿಗಿಳಿಸುವ ಜಾಗದಲ್ಲೇ, ದಡದ ಮೇಲೆ ನಡೆಯಬೇಕು.

ಇನ್ನೊಂದು ಅಪಾಯವೂ ಇದೆ. ಸುಮ್ಮನೆ ನಿಲ್ಲಿಸುವಂತಿಲ್ಲ ಎಂದಾಗ ನಿಲ್ಲಿಸಲು ನೆಪ ಬೇಕಾಗುತ್ತದೆ. ತಪ್ಪು ನಿಜವಾಗಿ ನಡೆದಿದ್ದರೆ ಅಧಿಕಾರಿಯ ಮನಸ್ಸಿನಲ್ಲಿದ್ದ ಬೇರೆ ಉದ್ದೇಶವನ್ನು ಕೋರ್ಟ್ ಕೆದಕುವುದಿಲ್ಲ ಎಂದು 1996ರ ರೆನ್ ತೀರ್ಪು ಹೇಳಿದೆ. ಆದ್ದರಿಂದ ಎರಡು ಇಂಚು ಕಡಿಮೆ ಇರುವ ಬಾವುಟ, ಐಸ್ ಪೆಟ್ಟಿಗೆಯ ಹತ್ತಿರ ಹೋಗಿ ಲಾಬ್‌ಸ್ಟರ್ ಎಣಿಸಲು ದಾರಿ ಆಗಬಹುದು. ಜೀವ ಉಳಿಸಬೇಕಾದ ಕಾನೂನು ಬರೀ ಬಾಗಿಲು ತೆರೆಯುವ ಬೀಗದ ಕೈ ಆಗಿಬಿಟ್ಟರೆ ಡೈವರ್‌ಗಳಿಗೆ ಅದರ ಮೇಲೆ ಗೌರವ ಉಳಿಯುವುದಿಲ್ಲ.

ಜಾರಿ ಮಾಡುವವರ ಕೈ ಎಷ್ಟು ಸಡಿಲ ಆಗಬಹುದು ಎನ್ನಲು ಫ್ಲೋರಿಡಾದಿಂದ ಸ್ವಲ್ಪ ದಕ್ಷಿಣಕ್ಕೆ, ಮೆಕ್ಸಿಕೋದ ಕೊಜುಮೆಲ್ ದ್ವೀಪಕ್ಕೆ ಹೋಗಬೇಕು. 2000ನೇ ಇಸವಿ ಡಿಸೆಂಬರ್ 18. ಬ್ರಿಟನ್ನಿನ ಗಾಯಕಿ ಕರ್ಸ್ಟಿ ಮೆಕಾಲ್ ತನ್ನ ಇಬ್ಬರು ಗಂಡುಮಕ್ಕಳ ಜೊತೆ ಚಾಂಕನಾಬ್ ಹವಳದ ದಿಬ್ಬದಲ್ಲಿ ಡೈವ್ ಮಾಡಿ ಮೇಲೆ ಬರುತ್ತಿದ್ದರು. ಅದು ಜೋರಾಗಿ ಓಡುವ ದೋಣಿಗಳು ಬರಲೇಬಾರದ ಸಂರಕ್ಷಿತ ಜಾಗ. ಆದರೂ ಒಂದು ದೋಣಿ ನುಗ್ಗಿ ಬಂತು. ಮಗನನ್ನು ಪಕ್ಕಕ್ಕೆ ತಳ್ಳಿದರು. ದೋಣಿ ಅವರ ಮೇಲೆ ಹಾಯಿತು, ಅಲ್ಲೇ ಜೀವ ಹೋಯಿತು. ದೋಣಿ ಶ್ರೀಮಂತ ಉದ್ಯಮಿಯೊಬ್ಬರದು. ಓಡಿಸುತ್ತಿದ್ದವನು ನಾನು ಎಂದು ಅವರ ಕೆಲಸದವನು ಮುಂದೆ ಬಂದ. ಅವನಿಗೆ 2 ವರ್ಷ 10 ತಿಂಗಳ ಶಿಕ್ಷೆ ಆಯಿತು. ಆದರೆ ಜೈಲಿನ ಬದಲು 1,034 ಪೆಸೊ ದಂಡ ಕಟ್ಟಿ ಹೋಗಲು ಕಾನೂನು ಬಿಟ್ಟಿತು. ಆಗಿನ ಲೆಕ್ಕದಲ್ಲಿ ಸುಮಾರು 60 ಪೌಂಡ್. ಮೃತರ ತಾಯಿ ವರ್ಷಗಟ್ಟಲೆ ನ್ಯಾಯಕ್ಕಾಗಿ ಓಡಾಡಿದರು. ಪ್ರಕರಣ ನೋಡಿಕೊಂಡ ಫೆಡರಲ್ ಪ್ರಾಸಿಕ್ಯೂಟರ್ ತನ್ನ ಅಧಿಕಾರವನ್ನು ಸರಿಯಾಗಿ ಬಳಸಲಿಲ್ಲ ಎಂದು 2006ರಲ್ಲಿ ತೀರ್ಮಾನವಾಯಿತು. 2009ರಲ್ಲಿ, ಇದಕ್ಕಿಂತ ಹೆಚ್ಚು ಸಾಧಿಸಲಾಗದು ಎಂದು ಹೋರಾಟ ನಿಂತಿತು. ಅಲ್ಲಿ ನಿಯಮ ಇರಲಿಲ್ಲ ಅಂತಲ್ಲ. ದೋಣಿ ಬರಬಾರದು ಎಂಬ ಸ್ಪಷ್ಟ ನಿಯಮವೇ ಇತ್ತು.

ನಮ್ಮ ಕಡೆ ಹೇಗಿದೆ? ಕರ್ನಾಟಕಕ್ಕೆ ಸುಮಾರು 320 ಕಿಲೋಮೀಟರ್ ಕರಾವಳಿ ಇದೆ. ನೇತ್ರಾಣಿ ದಡದಿಂದ ಹತ್ತಿರಹತ್ತಿರ 19 ಕಿಲೋಮೀಟರ್ ಒಳಗೆ. ಬೆಂಗಳೂರಿನಿಂದ ವಾರಾಂತ್ಯಕ್ಕೆ ಬಸ್ಸು ಹತ್ತಿ ಬರುವ ಹುಡುಗ ಹುಡುಗಿಯರು ಈಗ ಅಲ್ಲಿ ಜಾಸ್ತಿ. ಅದೇ ನೀರಿನಲ್ಲಿ ಭಟ್ಕಳ, ಹೊನ್ನಾವರದ ಮೀನುಗಾರರಿಗೆ ಹೊಟ್ಟೆಪಾಡು. ಕಡಲಿನಲ್ಲಿ ಡಿಕ್ಕಿ ತಪ್ಪಿಸುವ 1972ರ ಅಂತರರಾಷ್ಟ್ರೀಯ ನಿಯಮಗಳಿಗೆ ಭಾರತವೂ ಬದ್ಧ. ಡೈವಿಂಗ್ ಕೆಲಸದಲ್ಲಿರುವ ಸಣ್ಣ ದೋಣಿ ಕನಿಷ್ಠ 1 ಮೀಟರ್ ಎತ್ತರದ, ಬಟ್ಟೆಯಲ್ಲದೆ ಗಟ್ಟಿ ಹಲಗೆಯಂಥ ಆಲ್ಫಾ ಗುರುತು ತೋರಿಸಬೇಕು ಎಂದು ಅದರ 27ನೇ ನಿಯಮ ಹೇಳುತ್ತದೆ. ಜನರ ಜೀವಕ್ಕೆ ಅಪಾಯ ಆಗುವ ಹಾಗೆ ದೋಣಿ ನಡೆಸಿದರೆ ಭಾರತೀಯ ನ್ಯಾಯ ಸಂಹಿತೆಯ 282ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆ, 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಮಲ್ಪೆಯಲ್ಲಿ ಕೇಂದ್ರ ಕಚೇರಿ ಇರುವ ಕರಾವಳಿ ಕಾವಲು ಪೊಲೀಸ್ ಪಡೆಯೂ ನಮಗಿದೆ.

ಆದರೆ 282ನೇ ಕಲಮು ಕೆಲಸಕ್ಕೆ ಬರುವುದು ಬಹುಪಾಲು ಅನಾಹುತ ಆದ ಮೇಲೆ. ಬಾವುಟ ಕಂಡರೆ ಎಷ್ಟು ದೂರ, ಎಷ್ಟು ವೇಗ ಎಂದು ಟ್ರಾಲ್ ಬೋಟಿನವರಿಗೆ ಮೊದಲೇ ಹೇಳುವ ಮಾತು ಅದರಲ್ಲಿಲ್ಲ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಬೀಚಿನಲ್ಲಿ ಪ್ರವಾಸಕ್ಕೆ ಬಂದಿದ್ದ ನಾಲ್ವರು ಶಾಲಾ ವಿದ್ಯಾರ್ಥಿನಿಯರು ನೀರು ಪಾಲಾದರು. ಆಮೇಲೆ ಕೆಲ ಕಾಲ ಬೀಚಿಗೆ ಪ್ರವೇಶವನ್ನೇ ಮುಚ್ಚಲಾಯಿತು. ಆ ಮಕ್ಕಳ ಸಾವು ಡೈವಿಂಗ್‌ಗೆ ಸಂಬಂಧಿಸಿದ್ದಲ್ಲ. ಆದರೆ ನಮ್ಮ ಜಾರಿಯ ರೀತಿ ಅದರಲ್ಲಿ ಕಾಣುತ್ತದೆ: ಅನಾಹುತ ಆಗುವವರೆಗೆ ಎಲ್ಲಕ್ಕೂ ಹೂಂ, ಆದ ಮೇಲೆ ಎಲ್ಲಕ್ಕೂ ಬೀಗ. ನಡುವಿನ ಸಣ್ಣ, ದಿನನಿತ್ಯದ ಎಚ್ಚರಿಕೆಗೆ ನಮ್ಮಲ್ಲಿ ರೂಢಿಯೇ ಬೆಳೆದಿಲ್ಲ.

ಫ್ಲೋರಿಡಾದಿಂದ ನಾವು ತೆಗೆದುಕೊಳ್ಳಬೇಕಾದ್ದು ಆ ಒಂದು ಗಟ್ಟಿ ನಿಯಮ. ನೇತ್ರಾಣಿಯ ಸುತ್ತ ಡೈವ್ ನಡೆಯುವ ಜಾಗಗಳು ಗೊತ್ತಿರುವಂಥವೇ. ಅಲ್ಲಿ ಇಷ್ಟು ದೂರದೊಳಗೆ ನಿಧಾನ ಎಂದು ಬರೆದು, ಬಂದರಿನಲ್ಲಿ, ಮೀನುಗಾರರ ಸಂಘಗಳಲ್ಲಿ ಕನ್ನಡ, ಕೊಂಕಣಿಯಲ್ಲಿ ಹೇಳಿದರೆ ಅರ್ಧ ಕೆಲಸ ಆಯಿತು. ತಾಂಡೇಲರನ್ನು ಕೂರಿಸಿಕೊಂಡೇ ಆ ದೂರ ನಿಗದಿ ಮಾಡಬೇಕು. ಬಲೆ ಹಾಕುವ ಜಾಗ ಅವರಿಗೆ ಗೊತ್ತು, ನೀರಿನ ಸೆಳೆತ ಅವರಿಗೆ ಗೊತ್ತು. ಅವರ ಮೇಲೆ ದಂಡ ಹೇರಿ, ಡೈವ್ ದೋಣಿಯವರನ್ನು ಬಿಟ್ಟುಬಿಡುವುದು ನ್ಯಾಯ ಅಲ್ಲ. ಮೀನುಗಾರ ನಿಧಾನ ಮಾಡಬೇಕಾದರೆ ಬಾವುಟ ನಿಜ ಹೇಳುತ್ತಿರಬೇಕು.

ಈ ಹಂಗಾಮಿನಲ್ಲಿ ನೀವು ನೇತ್ರಾಣಿಗೆ ಹೋಗುವುದಾದರೆ, ಲೈಫ್ ಜಾಕೆಟ್ ಹಾಕಿಕೊಳ್ಳುವಾಗಲೇ ಒಂದು ಪ್ರಶ್ನೆ ಕೇಳಿ: ‘ಬಾವುಟ ಹಾಕೋದು ಯಾರು, ಎಲ್ಲರೂ ಹತ್ತಿದ ಮೇಲೆ ಇಳಿಸೋದು ಯಾರು?’ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ, ದೋಣಿ ಹೊರಡುವ ಮೊದಲೇ ಒಬ್ಬರ ಹೆಸರು ಹೇಳಿಸಿಕೊಳ್ಳಿ.